ಮುಂಗೈಯಿಂದ ಮಿದುಳಿಗೆ ಎಷ್ಟು ಗೇಣು

ಸಾತವ್ವನ ಎಮ್ಮೆ ಸತ್ತ ಬೆಳಿಗ್ಗೆ ದನದ ಡಾಕ್ಟರ್ ಸಿದ್ಧರಾಮ ಅವರು ಕರಜಗಿಗೆ ಬಂದರು. ಹೆಣ ನೋಡಿದರು, ಜನರನ್ನು ದೂರ ಸರಿಸಿದರು, ಆಮೇಲೆ ಒಂದೇ ಮಾತು ಕೇಳಿದರು.

"ಇದರ ಬಾಯಾಗ ಯಾರರೆ ಕೈ ಹಾಕೀರೇನು?"

ಸಾತವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಇಲ್ರಿ ಸಾಹೇಬ್ರ."

ಹಾಕಿದ್ದಳು. ಆರು ದಿನದ ಹಿಂದೆ. ಎಮ್ಮೆ ಮೇವು ಮುಟ್ಟದೆ, ನೀರು ನುಂಗಲಾರದೆ, ಜೊಲ್ಲು ಸುರಿಸುತ್ತ ಒಡಕು ದನಿಯಲ್ಲಿ ಒದರುತ್ತಿತ್ತು. ಜೋಳದ ದಂಟು ಗಂಟಲಲ್ಲಿ ಸಿಕ್ಕಿರಬೇಕೆಂದು, ತವರಿನಲ್ಲಿ ಅವ್ವ ಮಾಡುತ್ತಿದ್ದ ಹಾಗೆ, ಮೊಣಕೈ ತನಕ ಕೈ ತೂರಿಸಿ ತಡಕಿದ್ದಳು. ಏನೂ ಸಿಗಲಿಲ್ಲ. ಎಮ್ಮೆ ದವಡೆ ಬಿಗಿದಾಗ ಕೈ ಕಿತ್ತುಕೊಂಡಳು. ಮೂರು ಗಾಜಿನ ಬಳೆ ಒಡೆದು ಮುಂಗೈ ಕೊಯ್ದವು.

ಗಾಯಕ್ಕೆ ಅರಿಶಿನ ಒತ್ತಿದಳು. ಕಾಡಿದ್ದು ಗಾಯವಲ್ಲ. ಗಂಡ ಹುಲೆಪ್ಪ ಲಾರಿ ಹೊಡೆದುಕೊಂಡು ಗುಜರಾತಿಗೆ ಹೋಗಿದ್ದ. ಅವನು ದಾರಿಯಲ್ಲಿರುವಾಗ ಹೆಂಡತಿಯ ಬಳೆ ಒಡೆದವೆಂದು ಅತ್ತೆ ಗಂಗುಬಾಯಿಗೆ ತಿಳಿದರೆ? ಚೂರುಗಳನ್ನು ತಿಪ್ಪೆಯಲ್ಲಿ ಹೂತು, ಅವತ್ತೇ ಬಿಗಿಯಾದ ಹಸಿರು ಬಳೆಗಳನ್ನು ಗಾಯದ ಮೇಲೆಯೇ ಇಡಿಸಿಕೊಂಡು ಬಂದಿದ್ದಳು.

"ಹುಚ್ಚನಾಯಿ ರೋಗ ಇದ್ದಂಗ ಕಾಣತೈತಿ," ಎಂದರು ಡಾಕ್ಟರು.

"ಎಮ್ಮಿಗ್ಯಾ? ಒಂದಿನಾನೂ ಬೊಗಳಲಿಲ್ಲಲ್ರಿ!" ಎಂದ ಪಕ್ಕದ ಮನೆಯ ಕಲ್ಲಣ್ಣ.

"ನಾಯಿ ಕಡದ್ರ ಎಮ್ಮಿಗೂ ಬರತೈತಿ, ನಿನಗೂ ಬರತೈತಿ ಕಲ್ಲಣ್ಣ. ಆವಾಗ ನಗಾಕ ಆಗಂಗಿಲ್ಲ." ಡಾಕ್ಟರು ಎಲ್ಲರ ಕಡೆ ತಿರುಗಿದರು. "ಈ ವೈರಸ್ ಗಾಯದಾಗ ಸುಮ್ಮನ ಕುಂತಿರತೈತಿ. ನರ ಸಿಕ್ತಂದ್ರ ಅದರೊಳಗ ಹೊಕ್ಕು ಮ್ಯಾಲೆ ಏರತೈತಿ, ದಿನಕ್ಕ ಎರಡು ಬಟ್ಟು, ಮೂರು ಬಟ್ಟು. ಮೈಯಾಗಿನ ಕಾವಲುಗಾರರು ರಕ್ತದಾಗ ಗಸ್ತು ತಿರಗತಿರತಾರ, ನರದೊಳಗ ಹೋಗೋ ಕಳ್ಳ ಅವರಿಗೆ ಕಾಣಂಗಿಲ್ಲ. ಮಿದುಳು ಮುಟ್ಟಿ ರೋಗ ಎದ್ದಿತೋ, ಆಮ್ಯಾಲೆ ಔಷಧಿಲ್ಲ."

"ಎಷ್ಟ ದಿನಕ್ಕ ಮುಟ್ಟತೈತ್ರಿ?" ಸಾತವ್ವ ಕೇಳಿದಳು.

"ಒಬ್ಬರಿಗೆ ಮೂರು ತಿಂಗಳು. ಒಬ್ಬರಿಗೆ ಮೂರು ವಾರಾನೂ ಇಲ್ಲ."

ಅವಳು ಕೊಟ್ಟಿಗೆಯ ಮರೆಗೆ ಹೋದಳು. ಎಡಗೈಯಿಂದ ಬಲಗೈ ಅಳೆದಳು. ಮುಂಗೈಯಿಂದ ಮೊಣಕೈಗೆ ಒಂದು ಗೇಣು. ಅಲ್ಲಿಂದ ಭುಜಕ್ಕೆ ಇನ್ನೊಂದು. ಭುಜದಿಂದ ಹೆಡಕಿಗೆ ಒಂದು. ಆರು ದಿನ ಆಯಿತು, ಈಗ ಎಲ್ಲಿ ಮುಟ್ಟಿರಬಹುದು? ಮೊಣಕೈ ಹತ್ತಿರ ಇರುವೆ ಹರಿದಂತಾಯಿತು. ನೋಡಿದರೆ ಇರುವೆಯಿಲ್ಲ.

"ಏನ ಅಳೀಲಿಕತ್ತಿ ಸಾತಿ?"

ಬಾಗಿಲಲ್ಲಿ ಅತ್ತೆ. ಅಂಗೈ ಮೇಲೆ ಎರಡು ಗಾಜಿನ ಚೂರು.

"ತಿಪ್ಪಿಯಾಗ ಸಿಕ್ಕವು. ನನ್ನ ಮಗಗ ಏನಾಗತೈತೋ ಅಂತ ನಾಕ ದಿನದಿಂದ ಒಪ್ಪತ್ತು ಉಂಡು ಅಕ್ಕಲಕೋಟಿ ಸ್ವಾಮಿಗಳ ಜಪಾ ಮಾಡಾಕತ್ತೀನಿ. ಕೈ ತೋರ್ಸು."

ಸಾತವ್ವ ತೋರಿಸಿದಳು. ಗಂಗುಬಾಯಿ ಗಾಯ ನೋಡಿದಳು, ಸೊಸೆಯ ಮುಖ ನೋಡಿದಳು.

"ಮೂಳಿ! ಬಳಿ ಮುಚ್ಚಾಕ ಹೋಗಿ ಜೀವಾ ಕಳಕೊಂತಿದ್ದೆಲ್ಲ!" ಅಂಗಳಕ್ಕೆ ಕೂಗಿದಳು: "ಸಾಹೇಬ್ರ, ಹೋಗಬ್ಯಾಡ್ರಿ! ಕೈ ಹಾಕ್ಯಾಳ ಈಕಿ!"

ಡಾಕ್ಟರು ಕಾಲು ತಾಸು ಸಾಬೂನು ನೀರಲ್ಲಿ ಗಾಯ ತೊಳೆಸಿದರು. "ಈಗಿಂದೀಗ ಸೋಲಾಪುರ ದವಾಖಾನಿಗೆ ನಡೀರಿ. ಬರೇ ಲಸಿಕಿ ಸಾಲಂಗಿಲ್ಲ. ಅದು ಮೈಗೆ ಕಾವಲು ಕಲಿಸೂದ್ರಾಗ ವಾರ, ಹತ್ತು ದಿನ ಹೋಗತಾವ. ಅಲ್ಲೀತನಕ ತಯಾರಿದ್ದ ಕಾವಲುಗಾರರನ್ನ ಗಾಯದಾಗನ ಇಳಿಸೋ ಸೂಜಿ ಬ್ಯಾರೆ ಐತಿ. ಅದನ್ನ ಕೇಳಿ ಹಾಕಿಸ್ಕೋರಿ."

ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಬೇಕು. ಸ್ವಾಮಿ ಸಮರ್ಥರ ದರ್ಶನ ಮಾಡದೆ ಗಂಗುಬಾಯಿ ಆ ಊರು ದಾಟಿದವಳಲ್ಲ. ಸೋಲಾಪುರದ ಬಸ್ಸು ಹೊರಟು ನಿಂತಿತ್ತು. ಗುಡಿಯ ದಿಕ್ಕಿಗೆ ಕೈ ಮುಗಿದಳು. "ಸ್ವಾಮಿ, ಇವತ್ತ ನಿಂದ್ರೂದಿಲ್ಲ. ನೀವಽ ನಮ್ಮ ಕೂಡ ಬರ್ರಿ." ಸೊಸೆಯ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು.

ಬಸ್ಸು ವಳಸಂಗ ದಾಟುವಷ್ಟರಲ್ಲಿ ಮುಂಗೈ ಊದಿ ಬಳೆಗಳು ಚರ್ಮಕ್ಕೆ ಅಂಟಿದ್ದವು.

ದವಾಖಾನೆಯಲ್ಲಿ ನರ್ಸ್ ಶುಭಾಂಗಿ ಗಾಯ ನೋಡಿ, "ಆಜಿ, ಬಾಂಗಡ್ಯಾ ಕಾಢಾ," ಎಂದು ಮರಾಠಿಯಲ್ಲಿ ಬಳೆ ತೆಗೆಯಲು ಹೇಳಿದಳು. ಗಾಯದ ಸುತ್ತಲೂ ಸೂಜಿ ಇಳಿಸಬೇಕು, ಬಳೆ ಅಡ್ಡ. ಸಾಬೂನು ಹಚ್ಚಿದರು, ಎಣ್ಣೆ ಹಚ್ಚಿದರು. ಬಳೆ ಜಾರಲಿಲ್ಲ.

"ಒಡೀಬ್ಯಾಡ್ರಿ," ಎಂದಳು ಸಾತವ್ವ. "ಅವ್ರು ಇನ್ನಾ ದಾರ್‍ಯಾಗ ಅದಾರ, ಅತ್ತಿ."

ಗಂಗುಬಾಯಿ ಎಲೆ ಸಂಚಿಯಿಂದ ಅಡಕೊತ್ತು ತೆಗೆದಳು. ತನ್ನ ಸೆರಗಿನ ತುದಿಯನ್ನು ಮಡಿಸಿ ಬಳೆಯ ಕೆಳಗೆ ತೂರಿಸಿದಳು.

"ಸ್ವಾಮಿ, ಪಾಪ ಇದ್ರ ನನಗ ಬರಲಿ."

ಚಟ್ ಎಂದಿತು ಒಂದು. ಮತ್ತೊಂದು. ಪ್ರತಿ ಬಳೆಗೂ ಅದೇ ಮಾತು.

ಸೂಜಿ ಗಾಯದ ಸುತ್ತ ಇಳಿಯಿತು, ಬೆಂಕಿ ಹಚ್ಚಿದಂತೆ. ಸಾತವ್ವ ಹಲ್ಲು ಕಚ್ಚಿ ಭುಜದ ಕಡೆ ನೋಡುತ್ತಿದ್ದಳು. "ಏರಿರತೈತೇನ್ರಿ?"

"ರೋಗ ಏಳೂಕಿಂತ ಮೊದಲಽ ಬಂದೀರಿ, ಅದು ದೊಡ್ಡದು," ಎಂದರು ಅಲ್ಲಿನ ಡಾಕ್ಟರು. "ಲಸಿಕಿಗೆ ಮತ್ತ ಬರ್ರಿ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಒಂದೂ ತಪ್ಪಿಸಬ್ಯಾಡ್ರಿ."

ಅಷ್ಟರಲ್ಲಿ ಗಂಗುಬಾಯಿಯ ಫೋನು ರಿಂಗಾಯಿತು. ಹುಲೆಪ್ಪ. ಸೂರತ್ತಿನಲ್ಲಿ ಊಟಕ್ಕೆ ನಿಂತಿದ್ದನಂತೆ.

ಗಂಗುಬಾಯಿ ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು. "ಆರಾಮ ಇದ್ದಿ ಹೌದಿಲ್ಲೋ? ಹಂಗಾರ ಕೇಳು. ಬರೂಮುಂದ ನಿನ್ನ ಹೇಣ್ತಿಗೆ ಹಸರು ಬಳಿ ತಗೊಂಡ ಬಾ, ದೊಡ್ಡ ಅಳತೀವು. ಅವಸರಿಲ್ಲಪ್ಪ. ಇಪ್ಪತ್ತೆಂಟನೇ ದಿನಾ ಕಳದ ಮ್ಯಾಲೆ ನಾನಽ ಇಡಸ್ತೀನಿ."