ಬಂದವರಿಗೆ ಹೇಳುವ ಮಾತು

ನಮ್ಮಣ್ಣನ ಮಗಳು ವಿದಾದ್‌ಗೆ ಖಲೀಲ್ ಊರಿನ ಹುಡುಗನೇ ಆಗಬೇಕಿತ್ತೇ? ಜೆರುಸಲೇಮಿನಲ್ಲಿ ಗಂಡುಗಳಿಗೆ ಬರ ಬಂದಿತ್ತೇ? ಅವತ್ತೇ ಕೇಳಿದ್ದೆ. ಖಲೀಲಿನವರ ತಲೆಗೆ ಮೊಳೆ ಹೊಡೆದರೆ ಮೊಳೆಯೇ ಡೊಂಕಾಗುತ್ತದೆ ಎಂದು ನಮ್ಮ ಕಡೆ ಆಡಿಕೊಂಡು ನಗುತ್ತಾರೆ.

"ತಲೆ ಗಟ್ಟಿ ಇರಬಹುದು ಅತ್ತೆ, ಮನಸ್ಸು ಮೆತ್ತಗಿದೆ," ಎಂದಳು. ಅವಳಿಗೆ ಎದುರಾಡುವವರು ಯಾರು?

ಹುಡುಗ ಔನಿ ಒಳ್ಳೆಯವನೇ. ತಪ್ಪೇನಿದ್ದರೂ ಅವನ ಗುರುತಿನ ಚೀಟಿಯದು. ಅವನದು ಖಲೀಲಿನ ಕಡೆಯವರ ಹಸಿರು, ನಮ್ಮದು ಜೆರುಸಲೇಮಿನವರ ನೀಲಿ. ಹಸಿರಿನವನು ಸರ್ಕಾರ ನಡುವೆ ಎಬ್ಬಿಸಿದ ಗೋಡೆ ದಾಟಿ ಬಂದು ಇಲ್ಲಿ ಸಂಸಾರ ಹೂಡುವಂತಿಲ್ಲ. ನೀಲಿಯವಳು ಆಚೆ ಹೋಗಿ ಹೂಡಬಹುದು, ಆದರೆ ಕಚೇರಿಯವರಿಗೆ ತಿಳಿದರೆ 'ನಿನ್ನ ಬದುಕು ಇಲ್ಲಿಲ್ಲ' ಎಂದು ಚೀಟಿ ಕಿತ್ತುಕೊಳ್ಳುತ್ತಾರೆ. ಆಮೇಲೆ ಹುಟ್ಟಿದ ಮನೆಗೆ ಬರುವುದಕ್ಕೂ ಸೈನ್ಯದವರ ಅಪ್ಪಣೆ ಬೇಕು. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಿನ್ನೆ ಮೊನ್ನೆ ವಿಮಾನದಿಂದ ಇಳಿದ ಯಹೂದಿಗಳನ್ನು ಯಾರೂ ನಿನ್ನ ಬದುಕು ಎಲ್ಲಿದೆ ಎಂದು ಕೇಳುವುದಿಲ್ಲ. ನಮ್ಮನ್ನು ಕೇಳುತ್ತಾರೆ, ನಮ್ಮ ತಾತನ ತಾತ ಇದೇ ಬೀದಿಯಲ್ಲಿ ಬಿದ್ದು ಹಲ್ಲು ಮುರಿದುಕೊಂಡವನು.

ಹಾಗಾಗಿ ವಿದಾದ್ ಇದ್ದದ್ದು ಖಲೀಲಿನಲ್ಲಿ ಗಂಡನ ಜೊತೆ, ಲೆಕ್ಕಕ್ಕೆ ಮಾತ್ರ ನಮ್ಮ ಮನೆಯಲ್ಲಿ. ವಾರಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿದ್ದಳು. ಉಳಿದ ದಿನ ಅವಳು ಇಲ್ಲಿದ್ದಂತೆ ಕಾಣಿಸುವ ಕೆಲಸ ನನ್ನದು. ಬೆಳಿಗ್ಗೆ ಎದ್ದವಳೇ ಅವಳ ಹಲ್ಲುಜ್ಜುವ ಬ್ರಷ್ ಒದ್ದೆ ಮಾಡುತ್ತಿದ್ದೆ. ಅವಳ ಹಾಸಿಗೆ ಮುದುರುತ್ತಿದ್ದೆ. ಯಾರೂ ಹಾಕದ ಬಟ್ಟೆಗಳನ್ನು ಒಗೆದು ಒಣಹಾಕುತ್ತಿದ್ದೆ. ಇಲ್ಲದವಳಿಗೆ ಮಾಡಿದಷ್ಟು ಚಾಕರಿ ಅವಳು ಇದ್ದಾಗಲೂ ಮಾಡಿರಲಿಲ್ಲ.

ವಿದಾದ್‌ಳ ತಾಯಿ ಇಂತಿಸಾರ್ ಅತ್ತಿಗೆಗೆ ಇದ್ಯಾವುದೂ ಬಾರದು. ಸುಳ್ಳು ಬಾಯಿಗೆ ಬರುವ ಮೊದಲೇ ಕಿವಿ ಕೆಂಪಾಗುತ್ತದೆ.

"ಯಾರಾದ್ರೂ ವಿಚಾರಿಸೋಕೆ ಬಂದ್ರೆ ನೀನು ಬಾಯಿ ಬಿಡ್ಬೇಡ ಅತ್ತಿಗೆ. ಹಲ್ಲುನೋವು ಅಂತ ಕೂತ್ಬಿಡು," ಎಂದು ಹೇಳಿಕೊಟ್ಟಿದ್ದೆ.

ವಿದಾದ್ ಬಸುರಿಯಾಗಿ, ಹೆರಿಗೆಯ ವಿಮೆಗೆ ಅರ್ಜಿ ಹಾಕಿದ್ದೇ ತಡ, ಒಂದು ಬೆಳಿಗ್ಗೆ ಕಚೇರಿಯ ಹೆಂಗಸು ಬಾಗಿಲು ತಟ್ಟಿದಳು. ಓರ್ನಾ ಅಂತ ಹೆಸರು. ಯಹೂದಿಯಾದರೂ ಅರಬಿಯನ್ನು ನೀರು ಕುಡಿದಂತೆ ಮಾತಾಡಿದಳು, ಅದೂ ಬಗ್ದಾದಿನ ಕಡೆಯ ಅರಬಿ.

"ವಿದಾದ್ ಎಲ್ಲಿ?"

"ರೊಟ್ಟಿ ತರೋಕೆ ಹೋಗಿದಾಳೆ," ಎಂದೆ. ಪುಣ್ಯಕ್ಕೆ ಅವತ್ತು ಅವಳು ಬರುವ ದಿನ. ಅಡುಗೆಮನೆಗೆ ಹೋಗಿ ಮೆಲ್ಲಗೆ ಫೋನ್ ಮಾಡಿದೆ. ಗೋಡೆಯ ಬಳಿಯ ತನಿಖೆಯ ಠಾಣೆ ದಾಟಿ ಬಸ್ಸಿನಲ್ಲಿದ್ದಳು. "ಬರ್ತಾ ಎಳ್ಳಿನ ರೊಟ್ಟಿ ಹಿಡ್ಕೊಂಡು ಬಾ. ಓಡ್ಬೇಡ, ಹೊಟ್ಟೇಲಿ ಮಗು ಇದೆ. ಆದ್ರೆ ಬೇಗ ಬಾ," ಎಂದೆ.

ಓರ್ನಾ ಮನೆಯೆಲ್ಲ ತಡಕಿದಳು. ಬ್ರಷ್ ಮುಟ್ಟಿ ನೋಡಿದಳು, ಒದ್ದೆ. ಹಗ್ಗದ ಮೇಲೆ ಬಸುರಿಯ ನಿಲುವಂಗಿ, ಅದೂ ಒದ್ದೆ. ನಾನು ಒಳಗೊಳಗೇ ಬೀಗಿದೆ.

"ಇವರ್ಯಾಕೆ ಮಾತಾಡಲ್ಲ?" ಎಂದು ಅತ್ತಿಗೆಯ ಕಡೆ ನೋಡಿದಳು.

"ಹಲ್ಲುನೋವು. ನನಗೆ ನೆಮ್ಮದಿ," ಎಂದೆ. ಓರ್ನಾ ನಕ್ಕಳು. ಕಾಫಿ ಕೊಟ್ಟೆ, ಕುಡಿದಳು. ಎಲ್ಲ ಸರಿ ಇದೆ, ಹುಡುಗಿಯನ್ನು ಒಂದು ಸಲ ನೋಡಿ ಹೊರಡುತ್ತೇನೆ ಎಂದಳು. ಗೆದ್ದೆವು ಎಂದೇ ನಾನು ತಿಳಿದೆ.

ಬಾಗಿಲು ತೆರೆಯಿತು. ವಿದಾದ್ ಏದುಸಿರು ಬಿಡುತ್ತ, ಕೈಯಲ್ಲಿ ರೊಟ್ಟಿ ಹಿಡಿದು ನಿಂತಿದ್ದಳು. ಅಷ್ಟು ಹೊತ್ತು ಬಾಯಿ ಬಿಗಿಹಿಡಿದು ಕೂತಿದ್ದ ಅತ್ತಿಗೆ ಒಂದೇ ಸಲ ಎದ್ದು ಹೋಗಿ ಮಗಳನ್ನು ತಬ್ಬಿಕೊಂಡಳು.

"ಬಾ ನನ್ನ ಕಂದಾ, ನೀನು ಬಂದೆ, ಮನೆಗೆ ಬೆಳಕು ಬಂತು."

ಈ ಮಾತಿಗೆ ಉತ್ತರ ಒಂದೇ. ಹುಟ್ಟಿದಾಗಿನಿಂದ ಕೇಳಿ ಕೇಳಿ ನಾಲಿಗೆಯ ಮೇಲೇ ಕೂತಿರುತ್ತದೆ. ವಿದಾದ್ ಯೋಚಿಸಲೂ ಇಲ್ಲ.

"ಮನೆಯವರಿಂದಲೇ ಮನೆಗೆ ಬೆಳಕು," ಎಂದಳು.

ಅದು ನೆಂಟರಿಗೆ ಹೇಳುವ ಮಾತು, ನೆಂಟರು ಕೊಡುವ ಉತ್ತರ. ಅಂಗಡಿಗೆ ಹೋಗಿ ರೊಟ್ಟಿ ತಂದ ಮಗಳಿಗೆ ಯಾವ ತಾಯಿ ಹಾಗನ್ನುತ್ತಾಳೆ? ಓರ್ನಾಳ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಕಿವಿಯ ಮೇಲೆ ಹಾದು ಹೋಗುತ್ತಿತ್ತು. ಅವಳು ಲೋಟ ಕೆಳಗಿಟ್ಟಳು.

"ನಮ್ಮಜ್ಜಿ ಬಗ್ದಾದಿನವಳು. ಮನೆಗೆ ಯಾರು ಬಂದ್ರೂ ಇದೇ ಹೇಳ್ತಿದ್ಲು. ನಾನು ಅವಳ ಜೊತೇಲೇ ಬೆಳೆದೆ, ನನಗೆ ಮಾತ್ರ ಒಂದು ದಿನಾನೂ ಹೇಳ್ಲಿಲ್ಲ," ಎಂದಳು.

"ತಾಯಿ ಮುದ್ದು ಮಾಡಿದ್ರೆ ಅದಕ್ಕೂ ಅರ್ಥ ಹುಡುಕ್ತೀಯೇನಮ್ಮ?" ಎಂದು ರೇಗಿದೆ.

"ನಾನು ಕೇಳಿದ್ದು ಕೇಳಿದೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನೂ ಕೆಟ್ಟದೆನಿಸಿತು. ಅವಳು ಹೋದ ಮೇಲೆ ಅತ್ತಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ನಾನು ಕೈ ಹಿಡಿಯಬೇಕಾಯಿತು.

ಚೀಟಿ ಹೋಯಿತು. ವಕೀಲರನ್ನು ಹಿಡಿದೆವು, ಓಡಾಡಿದೆವು, ಏನೂ ಗಿಟ್ಟಲಿಲ್ಲ. ಮಗು ಖಲೀಲಿನಲ್ಲೇ ಹುಟ್ಟಿತು. ನಾವು ಹೋಗಿ ನೋಡಿಬಂದೆವು, ನಮಗೆ ಅಡ್ಡಿಯಿಲ್ಲ. ವಿದಾದ್ ಮಾತ್ರ ಇತ್ತ ಬರುವಂತಿರಲಿಲ್ಲ. ಅತ್ತಿಗೆ ಮನೆಗೆ ಬಂದವರಿಗೆ ಬೆಳಕಿನ ಮಾತು ಹೇಳುವುದನ್ನೇ ಬಿಟ್ಟಳು. ಸುಮ್ಮನೆ ಬಾಗಿಲು ತೆಗೆದು ಪಕ್ಕಕ್ಕೆ ಸರಿಯುತ್ತಿದ್ದಳು. ಇಂತಿಸಾರ್‌ಗೆ ಸೊಕ್ಕು ಬಂದಿದೆ ಎಂದು ನೆರೆಯವರು ಆಡಿಕೊಂಡರು. ಆಡಿಕೊಳ್ಳಲಿ.

ದೊಡ್ಡ ಹಬ್ಬಕ್ಕೆ ಹೇಗೋ ವಿದಾದ್‌ಗೆ ಅಪ್ಪಣೆ ಸಿಕ್ಕಿತು. ಒಂದೇ ಹಗಲು, ಸಂಜೆಗೆ ಮರಳಬೇಕು. ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು, ನೆಂಟರ ಹಾಗೆ ಮಿಠಾಯಿ ಡಬ್ಬಿ ಬೇರೆ ತಂದಿದ್ದಳು. ಅತ್ತಿಗೆ ಸೊಂಟಕ್ಕೆ ಕೈಯಿಟ್ಟಳು.

"ಎಲ್ಲೇ ಹೋಗಿದ್ದೆ ಇಷ್ಟೊತ್ತು? ಪಾತ್ರೆಯೆಲ್ಲ ಹಾಗೇ ಬಿದ್ದಿದೆ. ಹೋಗು, ತೊಳಿ."

ವಿದಾದ್ ಮಗುವನ್ನು ನನ್ನ ಕೈಗೆ ಕೊಟ್ಟು, ಮೇಲಂಗಿ ಕೂಡ ಬಿಚ್ಚದೆ, ನೆಟ್ಟಗೆ ಅಡುಗೆಮನೆಗೆ ನಡೆದಳು. ಇದ್ದದ್ದೇ ನಾಲ್ಕು ಪಾತ್ರೆ, ಬೇಗ ಮುಗಿದವು. ಅತ್ತಿಗೆ ಕಪಾಟಿನಿಂದ ತೊಳೆದಿಟ್ಟ ತಟ್ಟೆಗಳನ್ನು ಇಳಿಸಿ ತಂದು ಅವಳ ಮುಂದೆ ಇಟ್ಟಳು. ವಿದಾದ್ ಅವನ್ನೂ ತೊಳೆದಳು.