ಬೂಟುಗಳ ದೃಶ್ಯ

"ಇಲ್ಲಿ, ಈ ಗುರುತಿನ ಮೇಲೆ ನಿಂತ್ಕೋ," ಎಂದು ಬರ್ನಿ ಮಂಡಿಯೂರಿ, ರಂಗದ ಹಲಗೆಗೆ ಹಳದಿ ಪಟ್ಟಿ ಅಂಟಿಸಿ ಹೆಬ್ಬೆರಳಿನಿಂದ ತಿಕ್ಕಿದ. "ಲೈಟು ನಿನ್ನ ಮೇಲೆ ಬೀಳಲ್ಲ. ಅವನು ಹಂಗೇ ಹೇಳಿದ್ದ."

"ಸತ್ತ ಮೇಲೂ ನನ್ನ ಕತ್ತಲಲ್ಲೇ ನಿಲ್ಲಿಸ್ತಾನೆ," ಎಂದಳು ಮೊರೀನ್.

"ನನ್ ಮೇಲೆ ರೇಗಬೇಡ ಮಾರಾಯ್ತಿ. ನಾನು ಬರೀ ಅಂಟಿಸೋನು."

ಮೊರೀನಳ ಒಂದು ಕಾಲದ ಗಂಡ, ನಾಟಕ ನಿರ್ದೇಶಕ ವಾರೆನ್ ಹ್ಯಾಲ್‌ಸ್ಟೆಡ್ ತನ್ನ ಅಂತ್ಯಕ್ರಿಯೆಯನ್ನೂ ತಾನೇ ನಿರ್ದೇಶಿಸಿ ಹೋಗಿದ್ದ. ಯಾರು ಯಾವ ಬಾಗಿಲಿನಿಂದ ಬರಬೇಕು, ಯಾವ ಮಾತಿಗೆ ದೀಪ ಇಳಿಯಬೇಕು ಎಂಬುದನ್ನೆಲ್ಲ ಆಸ್ಪತ್ರೆಯ ಹಾಸಿಗೆಯಿಂದಲೇ ಬರ್ನಿಗೆ ಬಾಯಿಪಾಠ ಮಾಡಿಸಿದ್ದ. ಅವನ ನಾಟಕಗಳ ರಂಗವ್ಯವಸ್ಥೆ ನೋಡಿಕೊಳ್ಳುತ್ತಲೇ ಮುದುಕನಾದ ಬರ್ನಿ ಎಲ್ಲದಕ್ಕೂ ತಲೆಯಾಡಿಸಿದ್ದ. ಸೋಮವಾರವೇ ಆಗಬೇಕು, ಅವತ್ತು ನ್ಯೂಯಾರ್ಕಿನ ನಾಟಕಶಾಲೆಗಳಿಗೆಲ್ಲ ರಜೆ, ಬರದಿರುವುದಕ್ಕೆ ಯಾವ ನಟನಿಗೂ ನೆಪ ಸಿಗಬಾರದು ಎಂದಿದ್ದನಂತೆ.

ನೆಪ ಯಾರಿಗೂ ಸಿಕ್ಕಿರಲಿಲ್ಲ. ಪರದೆಯ ಆಚೆ ಸಭಾಂಗಣ ತುಂಬುತ್ತಿತ್ತು. ಮುದಿ ನಟ ಗಸ್ ಯಾರಿಗೋ ಹೇಳುತ್ತಿದ್ದುದು ಮೊರೀನಳಿಗೆ ಕೇಳಿಸಿತು: "ಮೂರನೇ ಸಾಲು ಕೊಟ್ಟಿದ್ದಾನೆ ನನಗೆ. ಬದುಕಿದ್ದಾಗ ಫೋನ್ ಕೂಡ ಎತ್ತುತ್ತಿರಲಿಲ್ಲ, ಬಡ್ಡೀಮಗ."

"ಹಾಗಾದ್ರೆ ಯಾಕಪ್ಪ ಬಂದೆ?"

"ಪೆಟ್ಟಿಗೆ ಮುಚ್ಚಿದೆಯಾ ಅಂತ ನೋಡೋಕೆ."

ಶವಪೆಟ್ಟಿಗೆ ಮುಚ್ಚಿತ್ತು. ರಂಗದ ನಡುವೆ, ಬಿಳಿ ಹೂಗಳ ಕೆಳಗೆ. ಅದರ ಮುಂದೊಂದು ಸ್ಟೂಲು. ಸ್ಟೂಲಿನ ಮೇಲೆ ವಾರೆನ್‌ನ ಕಂದು ಬೂಟುಗಳು.

"ಅವು ಯಾಕಲ್ಲಿ?"

ಬರ್ನಿ ಪಟ್ಟಿಯ ಸುರುಳಿಯನ್ನು ಜೇಬಿಗೆ ಹಾಕಿಕೊಂಡ. ಅವಳ ಮುಖ ನೋಡಲಿಲ್ಲ. "ಕೊನೆಗೆ ಕ್ಯಾಮಿಲ್ ಬೂಟಿನ ದೃಶ್ಯ ಮಾಡ್ತಾಳೆ."

*

ಮೊರೀನಳ ತಾಯಿ ಡೀಲಿಯಾ ಕ್ವೀನ್ಸಿನಿಂದ ರಾತ್ರಿಯ ರೈಲು ಹಿಡಿದು ಹೋಗಿ ಕಚೇರಿಗಳ ನೆಲ ಒರೆಸುತ್ತಿದ್ದವಳು. ಒಂದು ಫೆಬ್ರವರಿಯಲ್ಲಿ ಒರೆಸುತ್ತಲೇ ಕುಸಿದುಬಿದ್ದಳು. ಮೊರೀನ್ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ದಾದಿಯೊಬ್ಬಳು ತಾಯಿಯ ಬೂಟುಗಳನ್ನು ಅವಳ ಕೈಗೆ ಕೊಟ್ಟು ಹೊರಗೆ ಹೋದಳು. ಅವುಗಳನ್ನು ಎಲ್ಲಿಡಬೇಕೆಂದು ಮೊರೀನಳಿಗೆ ತಿಳಿಯಲಿಲ್ಲ. ಮಂಚದ ಅಂಚಿನಲ್ಲಿ ಕೂತು ಎರಡೂ ಕೈಗಳನ್ನು ಬೂಟುಗಳೊಳಗೆ ತೂರಿಸಿ, ಹೊಟ್ಟೆಗೆ ಒತ್ತಿಕೊಂಡಳು. ಒಳಗೆ ಇನ್ನೂ ತೇವವಿತ್ತು.

ತಲೆಯೆತ್ತಿದಾಗ ಬಾಗಿಲಲ್ಲಿ ವಾರೆನ್ ನಿಂತಿದ್ದ. ಹೆಗಲ ಮೇಲೆ ಅವರ ಪುಟ್ಟ ಮಗಳು ಟೆಸ್. ಅವನು ಒಳಗೆ ಬರಲಿಲ್ಲ. ತನ್ನ ದುಃಖಕ್ಕೆ ಜಾಗ ಬಿಟ್ಟಿದ್ದಾನೆ ಎಂದುಕೊಂಡು ಅವಳು ಒಳಗೊಳಗೇ ಅವನಿಗೆ ಕೃತಜ್ಞಳಾದಳು.

ಆಗ ಅವರ ನಾಟಕಗಳು ಲಾಂಡ್ರಿಯೊಂದರ ಕೆಳಗಿನ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದವು. ವಸಂತದಲ್ಲಿ ಹೊಸ ನಾಟಕದ ತಾಲೀಮು ಸಾಗಿತ್ತು. ಮೂರನೆಯ ಅಂಕ ಕಳೆ ಕಟ್ಟುತ್ತಿರಲಿಲ್ಲ. ವಾರೆನ್ ಉಡುಪಿನ ಪೆಟ್ಟಿಗೆಯಿಂದ ಒಂದು ಜೊತೆ ಬೂಟು ತೆಗೆದು ಅವಳ ಮುಂದಿಟ್ಟ.

"ಆವತ್ತು ಕೂತಿದ್ಯಲ್ಲ, ಹಾಗೇ ಕೂತ್ಕೋ."

ಅವಳು ಕೂತಳು. ಅವನು ಹೇಳಿದ್ದನ್ನು ಮಾಡುವುದೇ ನಟನೆ ಎಂದು ಅವಳು ಆಗ ನಂಬಿದ್ದಳು.

"ಚೂರು ಮೇಲೆ ಎತ್ತು ಮೊರೀನ್. ಹಿಂದಿನ ಸಾಲಿನವರಿಗೂ ಕಾಣ್ಲಿ."

ಆ ನಾಟಕ ನೆಲಮಾಳಿಗೆಯಿಂದ ಬ್ರಾಡ್‌ವೇಯ ದೊಡ್ಡ ರಂಗಮಂದಿರಕ್ಕೆ ಏರಿತು. ಪ್ರತಿ ರಾತ್ರಿ, ಬುಧವಾರ ಮಧ್ಯಾಹ್ನದ ಪ್ರದರ್ಶನದಲ್ಲೂ, ಅವಳು ತಾಯಿಯನ್ನು ಮತ್ತೊಮ್ಮೆ ಕಳೆದುಕೊಂಡಳು. ಜನ ಕರವಸ್ತ್ರ ತೆಗೆದರು. ಸಿನಿಮಾ ಮಾಡುವವರು ಬಂದಾಗ ವಾರೆನ್, "ಕ್ಯಾಮೆರಾಗೆ ನಿನ್ನ ಮುಖ ಒಗ್ಗಲ್ಲ," ಎಂದ. ಪಾತ್ರ ಕ್ಯಾಮಿಲ್‌ಗೆ ಹೋಯಿತು, ಹಿಂದೆಯೇ ವಾರೆನ್ ಕೂಡ. ಬೂಟಿನೊಳಗಿನ ಕೈಗಳು ಊರೂರಿನ ಗೋಡೆಗಳ ಮೇಲೆ ಕಾಣಿಸಿಕೊಂಡವು. ಆಮೇಲೆ ಅವನು ಕಟ್ಟಡಗಳು ಉರುಳಿಬೀಳುವ ದೊಡ್ಡ ಚಿತ್ರಗಳನ್ನು ಮಾಡಿದ, ಅವು ಸೋತವು, ರಂಗಕ್ಕೆ ಹಿಂದಿರುಗಿದ. ಆದರೆ ಯಾವ ಸಂದರ್ಶನದಲ್ಲೂ ಜನ ಕೇಳುತ್ತಿದ್ದುದು ಆ ಬೂಟುಗಳ ಬಗ್ಗೆಯೇ. ಅವನೂ ಬೇಸರವಿಲ್ಲದೆ ಹೇಳುತ್ತಿದ್ದ.

*

ಟೆಸ್ ಹೊರಾಂಗಣದಲ್ಲಿ ಕಾಗದದ ಲೋಟದಿಂದ ಕಾಫಿ ಕುಡಿಯುತ್ತಿದ್ದಳು. ಅವಳ ತಲೆಯಲ್ಲೂ ಈಗ ಬೆಳ್ಳಿಕೂದಲು.

"ಆ ಬೂಟಿನ ದೃಶ್ಯ ನಿಲ್ಲಿಸು," ಎಂದಳು ಮೊರೀನ್. "ನೀನು ಹೇಳಿದ್ರೆ ಕ್ಯಾಮಿಲ್ ಕೇಳ್ತಾಳೆ."

"ಅಮ್ಮ, ಇವತ್ತೊಂದಿನ ಸುಮ್ನಿರೋಕಾಗಲ್ವಾ ನಿನಗೆ?"

"ಅದು ನಿನ್ನಜ್ಜೀದು. ನೆಲ ಒರೆಸಿ ಒದ್ದೆಯಾಗಿದ್ದ ಬೂಟದು. ನೀನೂ ಅಲ್ಲಿದ್ದೆ, ಅವನ ಹೆಗಲ ಮೇಲೆ."

"ನನಗೆ ನೆನಪಿಲ್ಲ." ಟೆಸ್ ಲೋಟದ ಅಂಚನ್ನು ಉಗುರಿನಿಂದ ಕೆರೆದಳು. "ತಾಲೀಮಿನಲ್ಲಿ ಹೊಳೀತು ಅಂತ ಅಪ್ಪ ನನಗೆ ಎಷ್ಟು ಸಲ ಹೇಳಿದ್ದಾನೆ. ನಿನ್ನ ಮಾತು ಕೇಳಿದ್ರೆ ಅವನ ಹತ್ರ ಸ್ವಂತದ್ದು ಅಂತ ಒಂದು ಕರ್ಚೀಫೂ ಇರಲಿಲ್ಲ ಅನ್ನಿಸುತ್ತೆ. ನೀನು ಅವನನ್ನ ಯಾವತ್ತೂ ಕ್ಷಮಿಸ್ಲಿಲ್ಲ, ಅಷ್ಟೇ."

"ಕ್ಷಮಿಸೋ ವಿಷಯ ಅಲ್ಲ ಇದು."

"ನಿಂದು ಯಾವಾಗ್ಲೂ ಇದೇ ಆಯ್ತು," ಎಂದು ಟೆಸ್ ಒಳಗೆ ನಡೆದಳು.

ಆಸ್ಪತ್ರೆಯಲ್ಲಿ ಅವಳು ಬೂಟು ಹಿಡಿದು ಕೂತದ್ದಕ್ಕೆ ಸಾಕ್ಷಿಯಾಗಿದ್ದವರು ಇಬ್ಬರೇ. ಒಬ್ಬ ಪೆಟ್ಟಿಗೆಯಲ್ಲಿದ್ದ. ಇನ್ನೊಬ್ಬಳು ಈಗ ಬೆನ್ನು ತಿರುಗಿಸಿ ಹೋಗಿದ್ದಳು. ಮೊರೀನ್ ಕ್ಯಾಮಿಲ್‌ಳ ಕೋಣೆಗೆ ಹೋದಳು.

ಕ್ಯಾಮಿಲ್ ಕನ್ನಡಿಯ ಮುಂದೆ ಕೂತು ತುಟಿಯ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಮೊರೀನ್ ಹೇಳಿದ್ದನ್ನೆಲ್ಲ ಕನ್ನಡಿಯಲ್ಲೇ ನೋಡುತ್ತ ಕೇಳಿದಳು.

"ನನಗೆ ಅದು ಅವನ ತಾಯಿದು ಅಂದಿದ್ದ," ಎಂದಳು ಕೊನೆಗೆ.

"ಅವನ ತಾಯಿ ಫ್ಲಾರಿಡಾದಲ್ಲಿ ಇಸ್ಪೀಟಾಡ್ತಾ ಸತ್ಲು."

"ಇರಬಹುದು." ಕ್ಯಾಮಿಲ್ ಕಾಗದವನ್ನು ಮುದುರಿ ಬುಟ್ಟಿಗೆ ಎಸೆದಳು. "ನೋಡು ಮೊರೀನ್, ಜನ ನನ್ನನ್ನ ನೆನಪಿಟ್ಟಿರೋದು ಅದೊಂದಕ್ಕೇ. ಯಾರ ತಾಯಿದು ಅಂತ ಈಗ ವಿಚಾರಿಸ್ತಾ ಕೂರೋಕೆ ನನ್ನಿಂದಾಗಲ್ಲ. ಹೋಗು, ನಿನ್ನ ಗುರುತಿನ ಮೇಲೆ ನಿಂತ್ಕೋ."

*

ಭಾಷಣಗಳಾದವು. ನಿರ್ಮಾಪಕನೊಬ್ಬ ಅತ್ತ. ಗಸ್ ಕೆಮ್ಮಿದ. ದೀಪಗಳು ಇಳಿದು ಸ್ಟೂಲಿನ ಮೇಲೊಂದೇ ಬೆಳಕು ಉಳಿಯಿತು. ಕ್ಯಾಮಿಲ್ ಬಂದು, ಬೂಟುಗಳನ್ನು ಎತ್ತಿಕೊಂಡು ಸ್ಟೂಲಿನ ಮೇಲೆ ಕೂತು, ನಿಧಾನವಾಗಿ ಎರಡೂ ಕೈಗಳನ್ನು ಒಳಗೆ ತೂರಿಸಿದಳು. ಹಿಂದಿನ ಸಾಲಿನವರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಕತ್ತಲಲ್ಲಿ ಎಲ್ಲೆಲ್ಲೂ ಮೂಗು ಸೀಟುವ ಸದ್ದು.

ಮೊರೀನ್ ಗುರುತು ಬಿಟ್ಟು ನಡೆದಳು.

"ಇಲ್ಲ, ಇಲ್ಲ," ಎಂದು ಪಕ್ಕದ ಪರದೆಯ ಹಿಂದಿನಿಂದ ಬರ್ನಿ ಪಿಸುಗುಟ್ಟಿದ. ಅವಳು ಬೆಳಕಿನೊಳಗೆ ಬಂದು, ಕ್ಯಾಮಿಲ್‌ಳ ಕೈಗಳಿಂದ ಬೂಟುಗಳನ್ನು ಒಂದೊಂದಾಗಿ ಎಳೆದು ನೆಲದ ಮೇಲಿಟ್ಟಳು. ಕ್ಯಾಮಿಲ್‌ಳ ಬರಿಗೈಗಳು ಗಾಳಿಯಲ್ಲಿ ಹಾಗೇ ನಿಂತವು. ಮೊರೀನ್ ಸಭಿಕರ ಕಡೆ ತಿರುಗಿದಳು. ನಟಿಯ ಧ್ವನಿ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ ಹೇಳಿದಳು:

"ಈ ದೃಶ್ಯ ಇವನದ್ದಲ್ಲ. ನನ್ನ ತಾಯಿಯದ್ದು. ಅವಳ ಹೆಸರು ಡೀಲಿಯಾ ಕೀಗನ್. ನೆಲ ಒರೆಸ್ತಿದ್ಲು."

ಆಮೇಲೆ ಹಿಂದೆಲ್ಲೋ ಒಬ್ಬ ಚಪ್ಪಾಳೆ ತಟ್ಟಿದ. ಅವನ ಪಕ್ಕದವರು ಸೇರಿಕೊಂಡರು. ನೋಡನೋಡುತ್ತ ಇಡೀ ಸಭೆ ಎದ್ದು ನಿಂತಿತು.

"ಇಬ್ಬರು ಹೆಂಡ್ತೀರನ್ನೂ ಒಂದೇ ದೃಶ್ಯಕ್ಕೆ ತಂದ ನೋಡು," ಎಂದು ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. "ಕೊನೇವರೆಗೂ ಏನ್ ಡೈರೆಕ್ಟರಪ್ಪ."

"ನಾನಿದನ್ನ ನಿರೀಕ್ಷೆ ಮಾಡಿರಲಿಲ್ಲ," ಎಂದು ಗಸ್ ಕೂಡ ಚಪ್ಪಾಳೆ ತಟ್ಟುತ್ತಿದ್ದ.

ಇಲ್ಲ, ಎಂದು ಹೇಳಲು ಮೊರೀನ್ ಬಾಯಿ ತೆರೆದಳು. ಚಪ್ಪಾಳೆ ಇನ್ನಷ್ಟು ಜೋರಾಯಿತು. ಕ್ಯಾಮಿಲ್ ಅಭ್ಯಾಸಬಲದಿಂದ ಎದ್ದು ತಲೆಬಾಗಿಸಿದಳು.

ಮೊದಲ ಸಾಲಿನಲ್ಲಿ ಟೆಸ್ ಒಬ್ಬಳು ಮಾತ್ರ ಏಳದೆ ಕೂತಿದ್ದಳು. ಕೈಗಳು ತೊಡೆಯ ಮೇಲಿದ್ದವು. ಅವಳು ತಿರುಗಿ ಚಪ್ಪಾಳೆ ತಟ್ಟುವವರ ಮುಖಗಳನ್ನು ನೋಡಿದಳು, ಒಂದು ಸಾಲು, ಇನ್ನೊಂದು ಸಾಲು. ಅಜ್ಜಿಯ ಹೆಸರಿಗೆ ಅವರು ಹಾಗೆ ನಗುಮುಖದಿಂದ ಅಳುತ್ತಿದ್ದರು. ಟೆಸ್ ಎದ್ದು ರಂಗದ ಪಕ್ಕದ ಬಾಗಿಲ ಕಡೆ ನಡೆದಳು.

ಬರ್ನಿ ಅಡ್ಡ ಬಂದ. "ಈಗಲೇ ಅಲ್ಲ ಟೆಸ್. ಪೆಟ್ಟಿಗೆ ಎತ್ತಿದ ಮೇಲೆ ನೀನು ಹೋಗಬೇಕು."

"ಗೊತ್ತು, ದಾರಿ ಬಿಡು."

ಅವಳು ಕಬ್ಬಿಣದ ಬಾಗಿಲನ್ನು ಭುಜದಿಂದ ನೂಕಿ, ಅದು ಮುಚ್ಚಿಕೊಳ್ಳದಂತೆ ಬೆನ್ನು ಕೊಟ್ಟು ನಿಂತಳು. ಕುರ್ಚಿಯಿಂದ ಎತ್ತಿಕೊಂಡು ಬಂದ ತಾಯಿಯ ಕೋಟು ಅವಳ ತೋಳಿನ ಮೇಲಿತ್ತು. ಹೊರಗಿನ ಬೀದಿಯಿಂದ ಮಧ್ಯಾಹ್ನದ ಬಿಸಿಲು, ಕಸದ ಲಾರಿಯ ಗದ್ದಲದ ಜೊತೆ, ಒಳಗೆ ನುಗ್ಗಿತು. ದೀಪದವನು ಗಾಬರಿಯಿಂದ ಒಂದಾದ ಮೇಲೊಂದು ಗುಂಡಿ ಒತ್ತಿದ. ಬಿಸಿಲು ಆರಲಿಲ್ಲ, ಹಲಗೆಗಳ ಮೇಲೆ ಉದ್ದಕ್ಕೆ ಹಾಸಿಕೊಂಡು, ಹೂಗಳ ಮೇಲಿನ ಧೂಳನ್ನೂ ತೋರಿಸುತ್ತ ಮೊರೀನಳವರೆಗೆ ಬಂತು.

"ಬಾಮ್ಮ," ಎಂದಳು ಟೆಸ್, "ಬಾಗಿಲು ಭಾರ ಇದೆ."