ಊಟದ ಕೋಣೆಯ ಪಡುವಣ ಕಿಟಕಿ

ಯುಗಾದಿಗೆ ಇನ್ನೂ ಹತ್ತು ದಿನವಿತ್ತು. ಕಾಳುಮೆಣಸಿನ ಕೊಯ್ಲು ಮುಗಿದು, ಭರತೇಶ್ ಅಂಗಳದ ಚಾಪೆಗಳ ಮೇಲೆ ಬರಿಗಾಲಲ್ಲಿ ಮೆಣಸು ಕೆದರುತ್ತಿದ್ದ. ಬಿಸಿಲೇರುವ ಮೊದಲೊಂದು ಸುತ್ತು, ನೆತ್ತಿಗೆ ಬಂದ ಮೇಲೊಂದು ಸುತ್ತು ಕೆದರದಿದ್ದರೆ ಅಡಿಯ ಕಾಳಿಗೆ ಬೂಸಲು ಹಿಡಿಯುತ್ತದೆ. ಮೊದಲ ಸುತ್ತು ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಬಸ್ಸು ಬಂದು, ಅದರಿಂದ ಬಡಗಿ ಹುಲಿಯಪ್ಪ ಇಳಿದ. ಅರವತ್ತು ದಾಟಿದ ಸಣಕಲು ಆಳು, ಹೆಗಲಲ್ಲಿ ಸಲಕರಣೆಯ ಗೋಣಿಚೀಲ.

ಅವನನ್ನು ಕರೆಸಬೇಕಾದ ಗ್ರಹಚಾರ ಭರತೇಶ್ ತಾನೇ ತಂದುಕೊಂಡದ್ದು. ಹೊಸನಗರ ತಾಲ್ಲೂಕಿನ ಆ ಕೇರಿಯಲ್ಲಿ ಅವನ ಮನೆಯಿಂದ ಐವತ್ತು ಹೆಜ್ಜೆಗೆ ಹಳೆಯ ಕಲ್ಲಿನ ಬಸದಿ. ರಕ್ಷಿತ ಸ್ಮಾರಕವಾದ್ದರಿಂದ ಸುತ್ತಲ ನೂರು ಮೀಟರಿನಲ್ಲಿ ಹೊಸದೇನನ್ನೂ ಕಟ್ಟುವ ಹಾಗಿಲ್ಲ. ಬಾಗಿಲು, ಕಿಟಕಿ ಬದಲಿಸುವುದಾದರೂ ಮುಂಚಿತವಾಗಿ ಅನುಮತಿ ಬೇಕು; ಮೊದಲಿನದೇ ಅಳತೆ, ಮೊದಲಿನದೇ ರೂಪ, ಮರವಿದ್ದಲ್ಲಿ ಮರ. ಇದು ಕೇರಿಗೆಲ್ಲ ಗೊತ್ತಿತ್ತು, ಭರತೇಶನಿಗೂ ಗೊತ್ತಿತ್ತು.

ಆದರೆ ಅವನ ತಾಯಿ ಧರ್ಮಾವತಿಯ ಕಣ್ಣು ಮಸುಕಾಗಿತ್ತು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಮನೆ ಅದು. ತಟ್ಟೆಗೆ ಬಿದ್ದ ಸಣ್ಣ ಜೀವ ಕಾಣದೆ ತುತ್ತಿನ ಜೊತೆ ಹೋದೀತೆಂದು ತಲೆಮಾರುಗಳಿಂದ ನಡೆದುಬಂದ ಕ್ರಮ. ಊಟದ ಕೋಣೆಗೆ ಇದ್ದದ್ದು ಪಡುವಣ ಗೋಡೆಯಲ್ಲಿ ದಪ್ಪ ಸರಳಿನ ಒಂದು ಗಿಡ್ಡ ಕಿಟಕಿ ಮಾತ್ರ. ಹೊರಗಿನ ಕಾಂಪೌಂಡ್ ಗೋಡೆಯ ನೆರಳು ಬಿದ್ದು ಐದು ಗಂಟೆಗೇ ಅಲ್ಲಿ ಮಬ್ಬು. ಬಲ್ಬು ಹಾಕೋಣವೆಂದರೆ, ಬೆಳಕಿಗೆ ಹುಳ ಬರುತ್ತವೆ, ಬಂದದ್ದು ತಟ್ಟೆಗೇ ಬೀಳುತ್ತದೆ ಎಂದು ಧರ್ಮಾವತಿ ಒಪ್ಪುತ್ತಿರಲಿಲ್ಲ. ಕೊನೆಗೆ ಸಂಜೆಯ ಊಟವನ್ನೇ ಬಿಟ್ಟರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಜೀವ ಬರಿ ಹೊಟ್ಟೆಯಲ್ಲಿ ಮಲಗುವುದನ್ನು ನೋಡಲಾರದೆ ಭರತೇಶ್ ಸಾಗರದಿಂದ ಆಳು ಕರೆಸಿ, ಬಲಕ್ಕೆ ಒಂದೂವರೆ ಅಡಿ ಗೋಡೆ ಒಡೆಸಿ, ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಕಿಟಕಿ ಕೂರಿಸಿಬಿಟ್ಟ. ತಾಯಿ ಉಂಡರು. ತಿಂಗಳು ತುಂಬುವುದರೊಳಗೆ ಪುರಾತತ್ವ ಇಲಾಖೆಯ ನೋಟಿಸು ಬಂತು: ಗೋಡೆ, ಕಿಟಕಿ ಎರಡನ್ನೂ ಮೊದಲಿನ ಸ್ಥಿತಿಗೆ ತರತಕ್ಕದ್ದು.

ನೋಟಿಸು ಹಿಡಿದು ಕಚೇರಿಗೆ ಹೋದ ದಿನ ಭರತೇಶನ ಬಾಯಿ ಅವನ ಹಿಡಿತದಲ್ಲಿರಲಿಲ್ಲ. ರುಜು ಹಾಕಿದವಳು ಕುಮುದಾ ಎಂಬ ಎಂಜಿನಿಯರ್, ಅವನಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ನಾಲ್ಕು ಜನರ ಮುಂದೆ ಕೇಳಿದ್ದ, "ನಿಮ್ಮಮ್ಮ ಉಪವಾಸ ಬಿದ್ದು ಸತ್ರೂ ಹಿಂಗೇ ಸೈನ್ ಹಾಕ್ತೀರಾ?"

ಕುಮುದಾ ಪೆನ್ನಿನ ಮುಚ್ಚಳ ಹಾಕಿ ಕುರ್ಚಿ ತೋರಿಸಿದ್ದಳು. ರಿಪೇರಿಗೆ ಅಡ್ಡಿಯಿಲ್ಲ, ಹೊಸದಾಗಿ ಗೋಡೆ ಒಡೆಯುವುದಕ್ಕೆ ಮಾತ್ರ ಅಡ್ಡಿ. ಮೊದಲು ಏನಿತ್ತೆಂದು ತೋರಿಸಿದರೆ ಅಷ್ಟಕ್ಕೂ ಅನುಮತಿ ಬರೆದುಕೊಡುತ್ತೇನೆ ಎಂದಿದ್ದಳು. ಮನೆಗೊಂದೂವರೆ ಅಡಿ ಒಡೆಯುತ್ತ ಹೋದರೆ ಬಸದಿಯ ಎದುರಿಗೆ ಕೇರಿ ಹೋಗಿ ಬಸ್‌ಸ್ಟ್ಯಾಂಡ್ ಉಳಿಯುತ್ತದೆ ಎಂದೂ ಹೇಳಿದ್ದಳು. ಭರತೇಶ್ ಕುರ್ಚಿಯಲ್ಲಿ ಕೂರದೆ ಹೊರಟುಬಂದಿದ್ದ.

ಹುಲಿಯಪ್ಪ ಮೊದಲು ಕೇಳಿದ್ದು ಹಳೆಯ ಕಿಟಕಿಯನ್ನು. ಅದು ಕೊಟ್ಟಿಗೆಯಲ್ಲಿ ತೆಂಗಿನ ಸಿಪ್ಪೆಯ ಅಡಿಯಲ್ಲಿತ್ತು. ಅವನೇ ಎಳೆದು ತಂದು, ತೊಳೆದು, ನೆರಳಿಗೆ ಒರಗಿಸಿ ಎದುರಿಗೆ ಕೂತ. ಆ ದಿನವಿಡೀ ಚೀಲದ ಬಾಯಿ ಬಿಚ್ಚಲಿಲ್ಲ. ಅಂಗೈಯಿಂದ ಸವರುವುದು, ತಿರುಗಿಸುವುದು, ಎಲೆಅಡಿಕೆಯ ಕವಳ ಹಾಕುವುದು, ಮತ್ತೆ ಸವರುವುದು. ಎರಡನೇ ಸುತ್ತು ಮೆಣಸು ಕೆದರಿ ಬಂದ ಭರತೇಶನಿಗೆ ತಡೆಯಲಾಗಲಿಲ್ಲ.

"ಹುಲಿಯಪ್ಪ, ಮುಟ್ಟಿ ಮುಟ್ಟಿ ನೋಡೋಕೂ ಕೂಲಿ ಉಂಟಾ?"

"ಮಾಡ್ದೋನು ಎಂತ ಮಾಡಿದಾನೆ ನೋಡ್ಬೇಕಲ್ಲ ಅಯ್ಯಾ. ಇಲ್ಲಿ ಬನ್ನಿ, ಬೆರಳು ಕೊಡಿ."

ಭರತೇಶನ ಬೆರಳನ್ನು ಕಿಟಕಿಯ ಮೇಲ್ಪಟ್ಟಿಯ ನೆತ್ತಿಗೆ ಒತ್ತಿಸಿದ. ಗೋಡೆಯೊಳಗೆ ಹುದುಗಿದ್ದ ಆ ಮಗ್ಗುಲನ್ನು ಯಾರೂ ನೋಡಿರಲಿಲ್ಲ. ಸುಣ್ಣ ಮೆತ್ತಿದ ಒಂಬತ್ತು ಸಣ್ಣ ಕುಳಿಗಳು ಸಾಲಾಗಿ ಸಿಕ್ಕವು. ಹುಲಿಯಪ್ಪ ಆಮೇಲೆ ಚೌಕಟ್ಟಿನ ಎರಡು ಪಕ್ಕದ ನಿಲುವುಗಳ ಮೇಲ್ತುದಿ ತೋರಿಸಿದ. ಕಿಟಕಿಯ ಮೈಯೆಲ್ಲ ಬಾಚಿಯಲ್ಲಿ ಕೆತ್ತಿದ್ದು. ಆ ತುದಿಗಳು ಮಾತ್ರ ಗರಗಸದಲ್ಲಿ ಕೊಯ್ದವು.

"ಇದು ಮೇಲ್ಪಟ್ಟಿ ಅಲ್ಲ, ನಡುಪಟ್ಟಿ. ಇದ್ರ ಮೇಲೆ ಇನ್ನೊಂದು ಸಾಲು ಸರಳು ಇತ್ತು. ನಿಮ್ಮ ಹಿರೇರು ಯಾರೋ ಕೊಯ್ದು ಮುಚ್ಚಿಸಿದಾರೆ."

ಭರತೇಶ್ ಆಗಲೇ ಹಾರೆ ತರಲು ಹೊರಟಿದ್ದ. ಹುಲಿಯಪ್ಪ ಅವನ ರಟ್ಟೆ ಹಿಡಿದು ನಿಲ್ಲಿಸಿದ. ತಾವೇ ಒಡೆದರೆ ತಾವೇ ಮಾಡಿದ ತೂತು ಎನ್ನುತ್ತಾರೆ, ನೋಟಿಸಿಗೆ ರುಜು ಹಾಕಿದ ಅಮ್ಮನನ್ನೇ ಕರೆಸಿ, ಅವರ ಕೈಯಲ್ಲೇ ಕೆರೆಸಬೇಕು ಎಂದ. ಐವತ್ತು ವರ್ಷ ಮರ ಕೆತ್ತಿದವನಿಗೆ ಕಾಗದದ ದಾರಿಯೂ ತಿಳಿದಿತ್ತು. ತಾನೇ ಬೈದಿದ್ದವಳಿಗೆ ಫೋನು ಮಾಡಲು ಮಾತ್ರ ಭರತೇಶನಿಗೆ ಎರಡು ದಿನ ಹಿಡಿಯಿತು.

ಕುಮುದಾ ಬಂದಳು. ಒಂಬತ್ತು ಕುಳಿಗೂ ಕಿರುಬೆರಳು ಇಟ್ಟು ನೋಡಿದಳು, ಟೇಪು ಹಿಡಿದಳು, ಫೋಟೋ ತೆಗೆದಳು. ಆಮೇಲೆ ಸ್ಟೂಲು ಹತ್ತಿ, ಹುಲಿಯಪ್ಪ ಬಡಿದು ತೋರಿಸಿದ ಜಾಗದಲ್ಲಿ ಗಾರೆಯನ್ನು ತಾನೇ ಕೆರೆದಳು. ಸುತ್ತಲೂ ಜಂಬಿಟ್ಟಿಗೆ ಕಲ್ಲು, ನಡುವೆ ಒಂದೂಕಾಲು ಅಡಿ ಎತ್ತರಕ್ಕೆ ಬರಿ ಮಣ್ಣಿನ ಹೆಂಟೆ ತುಂಬಿದ ಕಿಂಡಿ. ಅದರ ಅಂಚು ಹಳೆಯ ನಿಲುವುಗಳ ಗೆರೆಗೆ ಕೂದಲಷ್ಟೂ ತಪ್ಪದೆ ಕೂತಿತ್ತು. ಅವಳು ಸ್ಟೂಲಿನಿಂದ ಇಳಿದು ಕೈಗೆ ಮೆತ್ತಿದ ಗಾರೆ ಒರೆಸಿಕೊಂಡಳು. ನಾನು ನಕ್ಷೆ ನೋಡಿದ್ದೆ, ಕಿಟಕಿ ನೋಡಿರಲಿಲ್ಲ ಎಂದು ಹುಲಿಯಪ್ಪನಿಗೆ ಹೇಳಿದಳು. ವರದಿಯಲ್ಲಿ ಹೀಗೆ ಬರೆದಳು: ಬಲಬದಿಯ ಒಡಕು ಮುಚ್ಚತಕ್ಕದ್ದು, ಮೇಲಿನ ಸಾಲು ಮೂಲದಲ್ಲಿ ಇದ್ದದ್ದು, ಮರಳಿ ತೆರೆಯಬಹುದು.

ಅನುಮತಿ ಬರಲು ಇಪ್ಪತ್ತೆರಡು ದಿನ ಬೇಕಾಯಿತು. ಗಾಜಿನ ಕಿಟಕಿ ಕಿತ್ತು, ಬಲಬದಿಯ ಒಡಕು ಮುಚ್ಚಿ ಮುಗಿಸುವ ಕೆಲಸಕ್ಕೆ ಹನ್ನೊಂದು. ಹುಲಿಯಪ್ಪ ಹಲಸಿನ ಮರದಲ್ಲಿ, ಒಂದೂ ಮೊಳೆಯಿಲ್ಲದೆ, ಹಳೆಯ ನಿಲುವುಗಳಿಗೆ ಹೊಸ ತುಂಡು ಬೆಸೆದ. ಬೆಸುಗೆಯ ಗೆರೆ ಹುಡುಕಲು ಭರತೇಶ್ ಉಗುರು ಆಡಿಸಿ ಸೋತ. ಮಣ್ಣು ತೆಗೆದಾಗ ಇನ್ನೊಂದು ಸಂಗತಿ ಬಯಲಾಯಿತು: ಕಿಂಡಿಯ ಬುಡ ಸಪಾಟಾಗಿರಲಿಲ್ಲ, ಒಳಕ್ಕೆ ಇಳಿಜಾರಾಗಿತ್ತು. ಯಾಕಿದ್ದೀತು ಎಂದು ಭರತೇಶ್ ಕೇಳಿದ್ದಕ್ಕೆ, ಸುಣ್ಣ ಬಳಿದು ಸಂಜೆಯವರೆಗೆ ಕಾಯಿರಿ ಎಂದಷ್ಟೇ ಹುಲಿಯಪ್ಪ ಹೇಳಿದ.

ಫೈಲು ಮುಗಿಸಲು ಕುಮುದಾ ಬಂದದ್ದು ಅದೇ ಸಂಜೆ. ಐದೂವರೆಯ ಬಿಸಿಲು ಮೇಲಿನ ಸರಳುಗಳ ನಡುವೆ ಹಾಯ್ದು, ಸುಣ್ಣದ ಇಳಿಜಾರಿಗೆ ತಾಗಿ, ಊಟದ ಮಣೆಯ ಮುಂದೆಯೇ ಹರಡಿಕೊಂಡಿತ್ತು. ಗಾಜಿನ ಕಿಟಕಿ ಇದ್ದಾಗ ಬೆಳಕು ಕಣ್ಣಿಗೆ ಕುಕ್ಕುತ್ತಿತ್ತು. ಇದು ತಟ್ಟೆಯನ್ನು ಕಂಡೇ ಬಂದ ಹಾಗಿತ್ತು. ಧರ್ಮಾವತಿ ಅನ್ನ ಕಲಸಿ, ಕೈ ನಿಲ್ಲಿಸಿ, ಬಗ್ಗಿ ನೋಡಿ, ಒಂದು ಕಪ್ಪು ಕಾಳನ್ನು ಬೆರಳ ತುದಿಯಲ್ಲಿ ಎತ್ತಿದರು.

"ಜೀವ ಅಲ್ಲ, ಸಾಸಿವೆ," ಎಂದು ಬಾಯಿಗೆ ಹಾಕಿಕೊಂಡರು. ಆಮೇಲೆ ಮಗನತ್ತ ನೋಡದೆ, "ಇನ್ನೊಂದ್ ಸೌಟು ಹಾಕು," ಎಂದರು.

ಹುಲಿಯಪ್ಪ ಬಾಗಿಲ ಆಚೆ ಕೂತು ಉಳಿ ಒರೆಸುತ್ತಿದ್ದ. ತಲೆ ಎತ್ತಲಿಲ್ಲ, ಕೈ ಮಾತ್ರ ಒಂದು ಗಳಿಗೆ ನಿಂತಿತು. ಕುಮುದಾ ರುಜು ಹಾಕಿ ಫೈಲು ಕಟ್ಟಿದಳು.

ಭರತೇಶ್ ಅವಳ ಜೊತೆ ಬಸ್ಸಿನ ತನಕ ನಡೆದ. ಬಸದಿ ದಾಟಿದ ಮೇಲೆ ಹೇಳಿದ, "ಮೇಡಮ್, ಅವತ್ತು ಆಫೀಸಲ್ಲಿ ನಾನು ಆ ಮಾತು ಆಡ್ಬಾರ್ದಿತ್ತು."

"ಯಾವ ಮಾತು?"

ಸೌಜನ್ಯಕ್ಕೆ ಕೇಳಿದ್ದೇನೋ ಎಂದು ಮುಖ ನೋಡಿದ. ಅವಳು ನಿಜಕ್ಕೂ ನೆನಪು ಮಾಡಿಕೊಳ್ಳುತ್ತಿದ್ದಳು.

"ವಾರಕ್ಕೆ ನಾಕು ಜನ ಬೈದು ಹೋಗ್ತಾರೆ," ಎಂದು ನಕ್ಕಳು. "ನೀವು ಎಂತ ಅಂದಿದ್ರಿ?"

ಕ್ಷಮೆ ಕೇಳಬೇಕಾದರೆ ಅವಳ ತಾಯಿಯ ಸಾವಿನ ಮಾತನ್ನು ಇನ್ನೊಮ್ಮೆ ಆಡಬೇಕು. ಭರತೇಶ್ ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದ. ಹೊಸನಗರದ ಬಸ್ಸು ಬಂತು. ಅವಳು ಹತ್ತಿ ಕೂತಳು. ಕಂಡಕ್ಟರ್ ಸೀಟಿ ಊದಿದ. ಭರತೇಶ್ ಕೈಯೆತ್ತಿ, ಹೇಳಬೇಕಾದ್ದು ಹೇಳದೆ, ಅಲ್ಲೇ ನಿಂತಿದ್ದ.